ಮಂಜಿನ ಮೇಲೆ ನಿಪ್ಪಟ್ಟು

3 ನವೆಂಬರ್, ಸೋಮವಾರ

ಬರೆಯಿರಿ ಅಂದಿದ್ದಾಳೆ, ಬರೆಯುತ್ತಿದ್ದೇನೆ. ಅಂದವಳು ಚಿತ್ರದುರ್ಗದ ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಹೇಳಿಕೊಡುವ ಹುಡುಗಿ, ಹೆಸರು ಬಿಂದು. ಬಲಗೈ ಮಣಿಕಟ್ಟಿನ ಮೂಳೆ ಕೂಡಿದೆ, ಪಟ್ಟಿ ಬಿಚ್ಚಿದ್ದಾಯಿತು, ಹೆಬ್ಬೆರಳು ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಹಿಸುಕಲು ಒಂದು ಹಳದಿ ಚೆಂಡು ಕೊಟ್ಟಿದ್ದಳು. ಹಿಸುಕಿ ಹಿಸುಕಿ ಸಿಟ್ಟು ಬಂದು ಹಿತ್ತಲಿಗೆ ಎಸೆದೆ, ನಾಯಿ ಕಚ್ಚಿಕೊಂಡು ಹೋಯಿತು. ಹಾಗಾದರೆ ದಿನಾ ಬರೀರಿ ಅಜ್ಜಿ, ಮನಸ್ಸಿಗೆ ಬಂದದ್ದು ಬರೀರಿ, ಯಾರೂ ಓದಲ್ಲ ಅಂದಳು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಈ ವಯಸ್ಸಿನಲ್ಲಿ ಮನೆಪಾಠ.

ಮನಸ್ಸಿಗೆ ಬಂದದ್ದು ಇಷ್ಟು. ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಎದುರು ಇರುವ ನನ್ನ ಮಂಡಕ್ಕಿ ಮೆಣಸಿನಕಾಯಿ ಅಂಗಡಿ ಮುಚ್ಚಿದೆ. ದಸರೆಗೆ ಮೊದಲು ಅಲ್ಲೇ ಜಾರಿ ಬಿದ್ದೆ, ಆವತ್ತಿನಿಂದ ಮುಚ್ಚಿದೆ. ಮೆಣಸಿನಕಾಯಿಯ ತೊಟ್ಟು ಹಿಡಿದು ಹಿಟ್ಟಿಗೆ ಅದ್ದಿ, ಒಂದು ಮಗ್ಗುಲನ್ನು ಪಾತ್ರೆಯ ಅಂಚಿಗೆ ಒರೆಸಿ, ಹೆಬ್ಬೆರಳಲ್ಲಿ ತಿರುವಿ ಎಣ್ಣೆಗೆ ಬಿಡಬೇಕು. ಹೆಬ್ಬೆರಳಿಲ್ಲದೆ ಅದು ಆಗುವ ಕೆಲಸವಲ್ಲ.

"ನಾನು ಹೋಗಿ ಅಂಗಡಿ ತೆಗೀಲೇನ್ರಿ ಅತ್ತೆ?" ಅಂತ ಸೊಸೆ ಕೇಳಿದಳು.

"ನನ್ನ ಬಾಣಲೆಗೆ ಇನ್ನೊಬ್ರ ಕೈ ಬ್ಯಾಡ" ಅಂದೆ.

ಸುಮ್ಮನಾದಳು. ಈ ಶಿವಗಂಗಾ ಯಾವಾಗಲೂ ಸುಮ್ಮನಾಗುತ್ತಾಳೆ. ಜಗಳಕ್ಕೆ ಒಂದು ಮಾತಾದರೂ ಬೇಡವೇ? ಅದಕ್ಕೂ ನನಗೆ ಸಿಟ್ಟು.

ಕೈ ನೋಯುತ್ತಿದೆ. ಸಾಕು.

5 ನವೆಂಬರ್, ಬುಧವಾರ

ಮಗ ಪ್ರದೀಪ ಹಿರಿಯೂರಿನಿಂದ ಫೋನ್ ಮಾಡಿದ್ದ. ಲಾರಿಗೆ ಲೋಡು ಸಿಕ್ಕಿದೆಯಂತೆ, ಸೊಲ್ಲಾಪುರಕ್ಕೆ ಹೋಗುತ್ತಾನಂತೆ, ಮನೆಗೆ ಬರುವುದು ತಡ.

"ಕೈ ಹೆಂಗೈತವ್ವಾ?"

"ಇದ್ದ ಜಾಗದಾಗೆ ಐತೆ."

ಶಿವಗಂಗಾ ಸಾರಿಗೆ ಒಗ್ಗರಣೆ ಹಾಕಿದಳು. ಎಣ್ಣೆ ಚಟಪಟ ಅನ್ನುವಾಗ ನಾನು ಎದ್ದು ಹಿತ್ತಲಿಗೆ ಹೋದೆ. ಈಚೆಗೆ ನನಗೆ ಹೊಗೆ ಆಗಿಬರುವುದಿಲ್ಲ.

8 ನವೆಂಬರ್, ಶನಿವಾರ

ಪಕ್ಕದ ಮನೆಯ ಖಾತುನ್ ಬೀ ಒಂದು ರಟ್ಟಿನ ಡಬ್ಬಿ ಹೊತ್ತುಕೊಂಡು ಬಂದಳು. ನನ್ನ ವಾರಿಗೆಯವಳು, ಬಾಯಿ ಮಾತ್ರ ನನಗಿಂತ ಒಂದು ಗೇಣು ಉದ್ದ. ಅವಳ ಮಗ ಮುಝಫರನಿಗೆ ಮೊಬೈಲ್ ರಿಪೇರಿ ಅಂಗಡಿ ಇದೆ. ಅವನು ಚಿಕ್ಕವನಿದ್ದಾಗ ಆಡುತ್ತಿದ್ದ ಟಿವಿ ಗೇಮು ಡಬ್ಬಿಯಲ್ಲಿತ್ತು.

"ತಿಪ್ಪಕ್ಕಾ, ಚೆಂಡು ಹಿಸುಕಾಕಾಗಲ್ಲ ಅಂದ್ಯಲ್ಲ, ಇದರ ಗುಂಡಿ ಒತ್ತು. ಹೆಬ್ಬೆಟ್ಟಿಗೆ ಬಾಳ ಕೆಲಸ. ನಮ್ಮ ಮುಝಫರ್ ಇದನ್ನ ಒತ್ತಿ ಒತ್ತಿ ಎಸೆಸೆಲ್ಸಿ ಫೇಲಾದ."

"ನಾನು ಐದನೇ ಕ್ಲಾಸಿಗೇ ಬಿಟ್ಟೋಳು. ಫೇಲಾಗೋ ಭಯ ಇಲ್ಲ ಬಿಡು."

ಸಂಜೆ ಮುಝಫರ್ ಬಂದು ಅದರ ಹಳದಿ ಬಿಳಿ ಪಿನ್ನುಗಳಿಗೆ ಏನೋ ಒಂದು ತುಂಡು ಸೇರಿಸಿ ನಮ್ಮ ಟಿವಿಗೆ ಸಿಕ್ಕಿಸಿದ. ಉಳಿದಿರುವುದು ಒಂದೇ ಕ್ಯಾಸೆಟ್. ಹಾಕಿದ, ಬರಲಿಲ್ಲ. ತೆಗೆದು ಅದರ ಬಾಯಿಗೆ ಉಫ್ ಅಂತ ಊದಿ ಮತ್ತೆ ಹಾಕಿದ, ಬಂತು. ಸೌದೆ ಒಲೆಯ ಕಾಲದ ಬುದ್ಧಿ ಟಿವಿಗೂ ನಡೆಯುತ್ತದೆ ಅಂತ ಗೊತ್ತಿರಲಿಲ್ಲ.

ಮಂಜುಗಡ್ಡೆಯ ಮೇಲೆ ಆಡುವ ಹಾಕಿ ಅದು. ಪರದೆ ತುಂಬ ಬಿಳಿ. ಬೆರಳುದ್ದದ ಗೊಂಬೆಗಳು ದೊಣ್ಣೆ ಹಿಡಿದು ಜಾರುತ್ತವೆ. ಚೆಂಡಿಲ್ಲ, ಚಪ್ಪಟೆಯಾದ ಕರಿ ಬಿಲ್ಲೆ, ಸೀದುಹೋದ ನಿಪ್ಪಟ್ಟಿನ ಹಾಗೆ. ನಾನು ನಿಪ್ಪಟ್ಟು ಅಂತಲೇ ಕರೆಯುತ್ತೇನೆ. ಎಡಗೈಯಲ್ಲಿ ಗೊಂಬೆಯನ್ನು ಓಡಿಸಬೇಕು, ಬಲಗೈ ಹೆಬ್ಬೆರಳಿಗೆ ಎರಡು ಗುಂಡಿ. ಒಂದು ಒತ್ತಿದರೆ ನಿಪ್ಪಟ್ಟು ಜೊತೆಯವನಿಗೆ ಹೋಗುತ್ತದೆ. ಇನ್ನೊಂದನ್ನು ಒತ್ತಿ ಹಿಡಿದು ಬಿಟ್ಟರೆ ಹೊಡೆತ. ಎಷ್ಟು ಹೊತ್ತು ಹಿಡಿದರೆ ಅಷ್ಟು ಜೋರು.

ಜಾರಿ ಬಿದ್ದು ಕೈ ಮುರಿದುಕೊಂಡವಳಿಗೆ ಜಾರುವ ಆಟ ತಂದುಕೊಟ್ಟಿದ್ದಾಳೆ. ಖಾತುನ್ ಬೀಗೆ ತಲೆ ಇಲ್ಲ.

9 ನವೆಂಬರ್, ಭಾನುವಾರ

ಆಟ ಶುರುವಾಗುವ ಮೊದಲು ದೇಶ ಆರಿಸಬೇಕು. ನಮ್ಮ ದೇಶ ಅದರಲ್ಲಿ ಇಲ್ಲವೇ ಇಲ್ಲ. ಕೆಂಪಂಗಿ ಲಕ್ಷಣವಾಗಿತ್ತು, ಅದನ್ನೇ ಒತ್ತಿದೆ. ಆ ದೇಶ ಈಗ ಇಲ್ಲ ಅಂತ ಮುಝಫರ್ ನಕ್ಕ. ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡ ಹಾಗೆ ಯಾವಾಗಲೋ ಒಡೆದು ಹೋಯಿತಂತೆ. "ಹೋದ್ರೆ ಹೋಗ್ಲಿ, ಅಂಗಿ ಚೆನ್ನಾಗೈತೆ" ಅಂದೆ.

ಆಮೇಲೆ ಆಳುಗಳನ್ನು ಆರಿಸಬೇಕು. ಮೂರು ತರದವರಿದ್ದಾರೆ. ಕಡ್ಡಿಯಂಥವನು ಚೆನ್ನಾಗಿ ಓಡುತ್ತಾನೆ, ಮುಟ್ಟಿದರೆ ಬೀಳುತ್ತಾನೆ. ಹೊಟ್ಟೆಯವನು ನಿಧಾನ, ಆದರೆ ಅವನು ಗುದ್ದಿದರೆ ಎದುರಿನವನು ಅಂಗಾತ. ನಡುವಿನವನು ಅತ್ತಲೂ ಅಲ್ಲ, ಇತ್ತಲೂ ಅಲ್ಲ. ನಾಲ್ಕು ಜನ ಬೇಕು. ನಾಲ್ಕೂ ಹೊಟ್ಟೆಯವರನ್ನೇ ತೆಗೆದುಕೊಂಡೆ. ಉಂಡ ಮೈ ಇರಬೇಕು.

ಯಂತ್ರದ ಎದುರು ಆಡಿ ಸೋತೆ. ಮತ್ತೆ ಸೋತೆ. ನಿಪ್ಪಟ್ಟು ಸಿಕ್ಕ ಕೂಡಲೇ ನೆಟ್ಟಗೆ ಗೋಲಿಗೆ ನುಗ್ಗುತ್ತೇನೆ, ಅರ್ಧ ದಾರಿಗೆ ಬರುವಷ್ಟರಲ್ಲಿ ಮೂವರು ಮುಗಿಬಿದ್ದು ಕಿತ್ತುಕೊಳ್ಳುತ್ತಾರೆ. ಆಟದ ಗುಂಡಿಗಳಿರುವ ರಿಮೋಟನ್ನು ಎಸೆದೆ. ಹಾಸಿಗೆಯ ಮೇಲೆ ಎಸೆದೆ, ನೆಲಕ್ಕಲ್ಲ. ಖಾತುನ್ ಬೀ ವಸ್ತು.

12 ನವೆಂಬರ್, ಬುಧವಾರ

ಇವತ್ತು ಒಂದು ವಿಷಯ ಗೊತ್ತಾಯಿತು.

ನಾನು ಯಂತ್ರಕ್ಕೆ ಬೈಯುತ್ತ ಆಡುತ್ತಿದ್ದೆ. ಶಿವಗಂಗಾ ಬಾಗಿಲ ಹತ್ತಿರ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ತಲೆ ಎತ್ತದೆ ಅಂದಳು: "ನಾಲ್ಕೂ ದಪ್ಪನವ್ರನ್ನೇ ತಗಂಡ್ರೆ ಹಿಂದೆ ಓಡೋರು ಯಾರ್ರಿ ಅತ್ತೆ?"

"ನಿಂಗೇನೇ ಗೊತ್ತು?"

"ಶ್ರೀರಾಂಪುರದಾಗೆ ನಮ್ಮಣ್ಣಗಳ ಹತ್ರ ಇದೇ ಕ್ಯಾಸೆಟ್ ಇತ್ರಿ. ಅವರಿದ್ದಾಗ ಮುಟ್ಟಾಕೆ ಬಿಡ್ತಿರ್ಲಿಲ್ಲ. ಅವರು ಹೊಲಕ್ಕೆ ಹೋದಾಗ ಆಡ್ತಿದ್ದೆ."

"ಹಂಗಾದ್ರೆ ಬಾ, ಕುಂತ್ಕ. ನೋಡೇಬಿಡಾಣ."

ಕೈ ತೊಳೆದು ಬಂದು ಚಾಪೆಯ ತುದಿಯಲ್ಲಿ ಕೂತಳು. ಅತ್ತೆ ಎದುರು ಕೂರಲು ಸಂಕೋಚ. ಆ ಸಂಕೋಚ ಸೀಟಿ ಊದುವ ತನಕ. ಆಮೇಲೆ ಏನು ಕೇಳುತ್ತೀರಿ! ನನ್ನ ಹೊಟ್ಟೆಯವರ ಸುತ್ತ ಅವಳ ಕಡ್ಡಿಗಳು ನೊಣದ ಹಾಗೆ ಸುತ್ತಿದವು. ಇವನು ಅವನಿಗೆ ಕೊಟ್ಟ, ಅವನು ಮೂಲೆಯವನಿಗೆ ಕೊಟ್ಟ, ಮೂಲೆಯವನು ಹೊಡೆದ, ಗೋಲು. ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ತಲೆಯ ಮೇಲಿನ ಸೆರಗು ಜಾರಿದ್ದೂ ತಿಳಿಯದೆ ಆಡುತ್ತಾಳೆ. ನನ್ನ ಆಳೊಬ್ಬನನ್ನು ಗೋಡೆಗೆ ಒತ್ತಿ ಕೆಡವಿ, "ಬೀಳು ಮಗನೇ!" ಅಂದಳು. ಅಂದಮೇಲೆ ನನ್ನ ಮುಖ ನೋಡಿ ನಾಲಿಗೆ ಒಳಗೆ ಎಳೆದುಕೊಂಡಳು.

ಮನೆಗೆ ಬಂದು ಇಷ್ಟು ವರ್ಷವಾಯಿತು. ಈ ದನಿ ಎಲ್ಲಿಟ್ಟಿದ್ದಳೋ.

ಎಷ್ಟು ಗೋಲಿನಲ್ಲಿ ಸೋತೆ ಅಂತ ಬರೆಯುವುದಿಲ್ಲ. ಯಾರೂ ಓದುವುದಿಲ್ಲ ಅಂದರೂ ಬರೆಯುವುದಿಲ್ಲ.

16 ನವೆಂಬರ್, ಭಾನುವಾರ

ಖಾತುನ್ ಬೀ ಬಸ್ ಸ್ಟ್ಯಾಂಡಿನ ಸುದ್ದಿ ತಂದಳು. ನನ್ನ ಅಂಗಡಿಯ ಪಕ್ಕ ಕಬ್ಬಿನ ಹಾಲಿನ ಗಾಡಿ ಇಟ್ಟಿರುವ ದುರ್ಗೇಶ, ಗಿರಾಕಿ ಕೂರಲಿ ಅಂತ ನನ್ನ ಜಾಗದಲ್ಲಿ ಎರಡು ಸ್ಟೂಲು ಹಾಕಿದ್ದಾನಂತೆ. ಬಸ್ ಸ್ಟ್ಯಾಂಡಿನ ಎದುರು ಯಾರ ಹತ್ತಿರವೂ ಕಾಗದ ಪತ್ರ ಇಲ್ಲ. ದಿನಾ ಒಲೆ ಹಚ್ಚಿದವರದೇ ಜಾಗ. ಇವತ್ತು ಸ್ಟೂಲು, ನಾಳೆ ಬೆಂಚು, ಆಮೇಲೆ ಗಾಡಿಯೇ ಬರುತ್ತದೆ.

ಶಿವಗಂಗಾ ಮತ್ತೆ ಕೇಳಿದಳು. "ನಾನು ಹೋಗ್ತೀನ್ರಿ ಅತ್ತೆ. ಇಲ್ಲಾಂದ್ರೆ ನೀವೇ ಬರ್ರಿ, ನಾನು ಜೊತೆಗಿರ್ತೀನಿ."

ಹೆಬ್ಬೆರಳು ಎತ್ತಿ ತೋರಿಸಿದೆ. "ಇದು ಸರಿಯಾಗ್ಬೇಕು. ಸರಿಯಾತು ಅಂತ ಹೆಂಗೆ ಗೊತ್ತಾಗ್ಬೇಕು ಹೇಳು? ಈ ಆಟದಾಗೆ ನಿನ್ನನ್ನ ಸೋಲಿಸಿದ ಮರುದಿನ ಅಂಗಡಿ ತೆಗೀತೀನಿ. ಅಲ್ಲಿ ತನಕ ಮಾತೆತ್ತಬ್ಯಾಡ."

"ಅಯ್ಯೋ ಅಲ್ಲಾ, ಹಂಗಾದ್ರೆ ಆ ಅಂಗಡಿ ನಿನ್ನ ಮರಿಮಗ ತೆಗೀಬೇಕು" ಅಂದಳು ಖಾತುನ್ ಬೀ.

"ನೀನು ಬಾಯಿ ಮುಚ್ಕೊಂಡು ಚಾ ಕುಡಿ. ಲೇ ಗಂಗಾ, ಬೇಕಂತ ಸೋತ್ಯೋ, ನನಗೆ ಗೊತ್ತಾಗ್ತೈತೆ."

ಒಳ್ಳೆಯ ಏರ್ಪಾಡು. ಇನ್ನು ಯಾರೂ ನನ್ನನ್ನು ಪೀಡಿಸುವುದಿಲ್ಲ.

19 ನವೆಂಬರ್, ಬುಧವಾರ

ಚಿತ್ರದುರ್ಗಕ್ಕೆ ಹೋಗಿ ಬಂದೆವು. ಬಿಂದು ನನ್ನ ಕೈ ಮಡಿಸಿ ನೋಡಿದಳು, ಹೆಬ್ಬೆರಳಿಗೆ ತನ್ನ ಬೆರಳು ಕೊಟ್ಟು ಒತ್ತಿಸಿದಳು. ಅವಳೇ ಅಮ್ಮಾ ಅಂದಳು.

"ಏನ್ ಮಾಡಿದ್ರಿ ಅಜ್ಜಿ? ಇಷ್ಟು ಬೇಗ!"

"ಹಾಕಿ ಆಡಿದೆ."

ತಮಾಷೆ ಅಂದುಕೊಂಡು ನಕ್ಕಳು. "ಇನ್ನೇನು ತೊಂದರೆ ಇಲ್ಲ, ನಿಧಾನವಾಗಿ ಕೆಲಸಕ್ಕೆ ಹೋಗ್ರಿ" ಅಂದಳು. ಅವಳಿಗೇನು ಗೊತ್ತು? ಮೆಣಸಿನಕಾಯಿ ಕರಿದಿದ್ದಾಳೆಯೇ?

ಶಿವಗಂಗಾ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ಕೂತಳು.

23 ನವೆಂಬರ್, ಭಾನುವಾರ

ಈ ಆಟದಲ್ಲಿ ಹೊಡೆದಾಟವೂ ಇದೆ! ಇಬ್ಬರು ಒಂದೇ ನಿಪ್ಪಟ್ಟಿಗೆ ಬಿಡದೆ ಕಿತ್ತಾಡಿದರೆ ಎಲ್ಲರೂ ಓಡಿಬಂದು ಗುಂಪಾಗಿ ಗುದ್ದಾಡುತ್ತಾರೆ. ಸೋತವನನ್ನು ಕರೆದುಕೊಂಡು ಹೋಗಿ ಹೊರಗೆ ಕೂರಿಸುತ್ತಾರೆ. ನನಗೆ ಇದು ಬಹಳ ಹಿಡಿಸಿತು. ಗೋಲು ಬಿಟ್ಟು ಹೊಡೆದಾಟಕ್ಕೇ ಆಡಿದೆ. ಗುಂಡಿಯನ್ನು ಪಟಪಟ ಒತ್ತುತ್ತಿರಬೇಕು. ಒತ್ತಿದೆ. ಅವಳ ಕಡ್ಡಿಯನ್ನು ಹೊರಗೆ ಕೂರಿಸಿದೆ. ಖಾತುನ್ ಬೀ ಚಪ್ಪಾಳೆ ಹೊಡೆದು, "ದಾವಣಗೆರೆ ಬಸ್ಸಿನಾಗೆ ಕಿಟಕಿ ಸೀಟಿಗೆ ಬಡಿದಾಡ್ದಂಗೈತೆ!" ಅಂದಳು.

ಆಟದ ನಡುವೆ ವಿರಾಮಕ್ಕೆ ಒಂದು ಗಾಡಿ ಬಂದು ಮಂಜಿನ ನೆಲವನ್ನು ಒರೆಸಿಕೊಂಡು ಹೋಗುತ್ತದೆ. ಆಡಿ ಕೆರೆದದ್ದೆಲ್ಲ ನುಣ್ಣಗಾಗುತ್ತದೆ. "ನೋಡೇ, ಆಟದಾಗೂ ನೆಲ ಒರೆಸ್ತಾರೆ. ನೀನು ಹಜಾರ ಒರೆಸಿ ಎಷ್ಟು ದಿನ ಆತು?" ಅಂದೆ.

"ನೀವು ರಿಮೋಟು ಬಿಟ್ರೆ ಒರೆಸ್ತೀನ್ರಿ. ಕಾಲು ಎತ್ತಲ್ಲ ನೀವು" ಅಂದಳು.

ತಿರುಗಿ ಮಾತಾಡಲು ಕಲಿಯುತ್ತಿದ್ದಾಳೆ. ಆಟದ ಹುರುಪು, ಇರಲಿ.

ಒಬ್ಬ ಹೊಟ್ಟೆಯವನನ್ನು ಬಿಟ್ಟು ಒಬ್ಬ ಕಡ್ಡಿಯನ್ನು ತೆಗೆದುಕೊಂಡೆ. ಅವಳು ಹೇಳಿದ್ದಕ್ಕಲ್ಲ. ನನಗೇ ತೋಚಿತು. ಸೋತೆ, ಒಂದೇ ಗೋಲಿನಲ್ಲಿ.

27 ನವೆಂಬರ್, ಗುರುವಾರ

ಗೆದ್ದೆ!

ಕೊನೆಯ ಗಳಿಗೆಯಲ್ಲಿ ಗುಂಡಿ ಒತ್ತಿ ಹಿಡಿದು ಹಿಡಿದು ಬಿಟ್ಟೆ, ನಿಪ್ಪಟ್ಟು ನೆಟ್ಟಗೆ ಒಳಗೆ. ಎದ್ದು ನಿಂತು ಕೂಗಿದ್ದಕ್ಕೆ ಬೀದಿಯವರು ಏನಾಯಿತೋ ಅಂತ ಇಣುಕಿದರು. ಪ್ರದೀಪನಿಗೆ ಫೋನ್ ಮಾಡಿ ಹೇಳಿದೆ. ಯಾವ ಹಾಕಿ, ಏನು ಕಥೆ ಅಂತ ಅವನಿಗೆ ತಲೆಬುಡ ತಿಳಿಯಲಿಲ್ಲ.

"ನಾಳೆ ಅಂಗಡಿ ಹಂಗಾದ್ರೆ" ಅಂದಳು ಶಿವಗಂಗಾ.

"ಹ್ಞೂಂ" ಅಂದೆ.

ಊಟ ಸೇರಲಿಲ್ಲ. ಮಧ್ಯಾಹ್ನದ ಹುಳಿಸಾರಿನದೇ ಇರಬೇಕು.

28 ನವೆಂಬರ್, ಶುಕ್ರವಾರ

ಅಂಗಡಿಗೆ ಹೋಗಲಿಲ್ಲ. ಬರೆಯುತ್ತೇನೆ, ಎಲ್ಲ ಬರೆಯುತ್ತೇನೆ.

ಬೆಳಿಗ್ಗೆ ಖಾತುನ್ ಬೀ ಬಂದು ನಕ್ಕಳು. "ಗೆದ್ದೆ ಅಂತ ಬಾಳ ಮೆರೀಬ್ಯಾಡ ತಿಪ್ಪಕ್ಕಾ. ನಿನ್ನ ಸೊಸೆ ಗೋಲು ಕಾಯೋನನ್ನ ಮೂಲೆಗೆ ಸರಿಸಿ, ಬಾಗಿಲು ತೆಗ್ದು ಒಳಗೆ ಬರ್ರಿ ಅಂದಂಗಿತ್ತು."

ಶಿವಗಂಗಾಳನ್ನು ಕರೆದೆ. "ಬೇಕಂತ ಸೋತ್ಯೇನೇ?"

ಯಾವಾಗಿನ ಹಾಗೆ ಸುಮ್ಮನಾಗುತ್ತಾಳೆ ಅಂದುಕೊಂಡೆ. ಆಗಲಿಲ್ಲ.

"ಹೌದ್ರಿ, ಸೋತೆ. ಇನ್ನೇನ್ ಮಾಡ್ಲಿ? ಅಲ್ಲಿ ದುರ್ಗೇಶ ಬೆಂಚು ಹಾಕ್ಯಾನೆ. ನಿಮ್ಮ ಹೆಬ್ಬೆಟ್ಟಿಗೆ ಏನೂ ಆಗಿಲ್ಲ ಅಂತ ದುರ್ಗದಾಗೆ ಹೇಳಿದ್ರು, ನಾನೂ ಕೇಳಿಸ್ಕಂಡೆ. ಬೆಟ್ಟಿನದಲ್ಲ ಅತ್ತೆ, ನಿಮಗೆ ಎಣ್ಣೆ ಅಂದ್ರೆ ಭಯ. ಬಿದ್ದ ದಿನ ಬಾಣಲೆ ಮಗುಚಿ, ಕಾದ ಎಣ್ಣೆ ನಿಮ್ಮ ಮುಖದ ಪಕ್ಕಕ್ಕೇ ಹರೀತು. ನಾನು ಒಗ್ಗರಣೆ ಹಾಕಿದ್ರೆ ಎದ್ದು ಹೋಗ್ತೀರಿ. ನಾನು ಕುರುಡಿ ಅಲ್ಲ."

"ನನಗೆ ಭಯ ಅಂತೀಯೇನೇ?"

"ಅಂತೀನಿ. ಭಯ ಆದ್ರೆ ಭಯ ಅನ್ರಿ. ನಾನು ಕರೀತೀನಿ, ನೀವು ಕುಂತ್ಕಂಡು ಬೈರಿ. ಅಂಗಡಿ ಹೋದ್ಮೇಲೆ ಯಾರನ್ನ ಬೈತೀರಿ?"

ಒಳಗೆ ಹೋಗಿ ಪಾತ್ರೆಗಳನ್ನು ದಡದಡ ತೊಳೆದಳು. ಖಾತುನ್ ಬೀ ಚಾ ಕುಡಿಯದೆ ಮೆಲ್ಲಗೆ ಎದ್ದು ಹೋದಳು.

ನನಗೆ ಭಯವಂತೆ. ಈ ಊರಿನಲ್ಲಿ ನನಗೆ ಭಯ ಅಂದವರು ಇದುವರೆಗೆ ಯಾರೂ ಇಲ್ಲ.

29 ನವೆಂಬರ್, ಶನಿವಾರ

ಟಿವಿ ಹಾಕಲಿಲ್ಲ.

30 ನವೆಂಬರ್, ಭಾನುವಾರ

ಶಿವಗಂಗಾ ಸೊಪ್ಪು ತರಲು ಹೋದಾಗ ಒಲೆ ಹಚ್ಚಿದೆ. ಬಾಣಲೆ ಇಟ್ಟು ಎಣ್ಣೆ ಹಾಕಿದೆ. ಕಾಯುವ ಮೊದಲೇ ಆರಿಸಿದೆ. ಗ್ಯಾಸು ಸುಮ್ಮನೆ ಖರ್ಚು ಮಾಡಬಾರದು.

ಎಣ್ಣೆಯನ್ನು ತಿರುಗಿ ಡಬ್ಬಿಗೆ ಸುರಿದೆ. ಶಿವಗಂಗಾ ಬಂದು ಬಾಣಲೆ ನೋಡಿದಳು. ರಾತ್ರಿ ಊಟಕ್ಕೆ ನನಗಿಷ್ಟದ ಹುಚ್ಚೆಳ್ಳು ಚಟ್ನಿ ಮಾಡಿದ್ದಳು.

2 ಡಿಸೆಂಬರ್, ಮಂಗಳವಾರ

ಸಂಜೆ ಕ್ಯಾಸೆಟ್ ತೆಗೆದು ನಾನೇ ಊದಿದೆ, ನಾನೇ ಹಾಕಿದೆ.

"ಗಂಗಾ, ಬಾ ಇಲ್ಲಿ. ಈ ಸಲ ಒಂಚೂರು ಬಿಟ್ಟುಕೊಟ್ರೂ ರಿಮೋಟು ನಿನ್ನ ತಲೆಮ್ಯಾಲೆ ಬೀಳ್ತೈತೆ."

"ಬಿಟ್ಟುಕೊಡಲ್ರಿ. ಅಳಬ್ಯಾಡ್ರಿ ಮತ್ತೆ."

ಒಬ್ಬ ಹೊಟ್ಟೆಯವನು, ಇಬ್ಬರು ನಡುವಿನವರು, ಒಬ್ಬ ಕಡ್ಡಿ. ಆಡಿದೆವು. ಅವಳು ನಿಜವಾಗಿಯೂ ಬಿಡಲಿಲ್ಲ. ನನ್ನ ಕಡ್ಡಿಯನ್ನು ಎತ್ತಿ ಎತ್ತಿ ಕೆಡವಿದಳು. ನಾನು ನಿಪ್ಪಟ್ಟನ್ನು ಹಿಡಿದುಕೊಂಡು ಒದ್ದಾಡದೆ ಅತ್ತ ಇತ್ತ ಕೊಡುತ್ತ ಹೋದೆ, ಅದೇ ಸುಲಭ ಅನ್ನಿಸಿತು. ಸಮಸಮ ಬಂದೆವು. ಖಾತುನ್ ಬೀ ಒಂದು ಗೋಲಿಗೆ ನನ್ನ ಕಡೆ, ಒಂದು ಗೋಲಿಗೆ ಅವಳ ಕಡೆ. ಎಂದಿನ ಹಾಗೆ ನಂಬಿಕೆಗೆ ಯೋಗ್ಯಳಲ್ಲ. ಕೊನೆಯಲ್ಲಿ ಗಂಗಾ ಮೂಲೆಯಿಂದ ಒಂದು ಹೊಡೆದಳು, ನನ್ನ ಗೋಲು ಕಾಯುವವನು ಕೆಳಗೆ ಹೋಗಬೇಕಾದವನು ಮೇಲೆ ಹೋದ. ಸೋತೆ.

ಸೋತಾಗ ಎಂದೂ ಬಾರದ ನಗು ಬಂತು. ಮೂವರೂ ನಕ್ಕೆವು.

"ಶುಕ್ರವಾರ ಅಂಗಡಿ ತೆಗೆಯಾಣ" ಅಂದೆ.

"ಸೋತ್ರಲ್ಲ ಅತ್ತೆ? ಪಂದ್ಯ ಕಟ್ಟಿದ್ರಲ್ಲ?"

"ಪಂದ್ಯ ಕಟ್ಟಿದ್ದು ನಾನು, ಮುರಿಯೋಳೂ ನಾನೇ. ಆ ದುರ್ಗೇಶನ ಬೆಂಚು ಕಣ್ಣಿಗೆ ಚುಚ್ಚುತೈತೆ. ಬಾಣಲೆ ಮುಂದೆ ನೀನು ಕುಂತ್ಕ. ಹಿಟ್ಟು ನಾನು ಕಲೆಸ್ತೀನಿ, ಕಾಯಿ ನಾನು ಸೀಳ್ತೀನಿ. ಎಣ್ಣೆ ತಂಟೆ ನನಗೆ ಬ್ಯಾಡ."

"ಆತ್ರಿ" ಅಂದಳು. ಭಯ ಅನ್ನುವ ಮಾತನ್ನು ಇಬ್ಬರೂ ಎತ್ತಲಿಲ್ಲ.

5 ಡಿಸೆಂಬರ್, ಶುಕ್ರವಾರ

ಅಂಗಡಿ ತೆಗೆದೆವು.

ದುರ್ಗೇಶನ ಬೆಂಚು ನಮ್ಮ ಜಾಗದಲ್ಲಿ ಕಾಲು ಚಾಚಿ ಮಲಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಗಂಗಾ ಹೋದಳು. "ಏನಪ್ಪ, ನಮ್ಮತ್ತೆ ಕೈ ಮುರಿದಿತ್ತು, ಜಾಗ ಮುರಿದಿರ್ಲಿಲ್ಲ. ಎತ್ತು."

"ಖಾಲಿ ಬಿದ್ದಿತ್ತಲ್ಲಕ್ಕ, ಮುಚ್ಚಿಬಿಟ್ರೇನೋ ಅನ್ಕಂಡೆ."

"ಅನ್ಕಂಡಿದ್ದು ಸಾಕು. ಎತ್ತು ಅಂದೆ."

ಎತ್ತಿದ. ಆದರೆ ಬೆಂಚಿನ ಒಂದು ಕಾಲು ನಮ್ಮ ಕಡೆಗೇ ಇಟ್ಟ.

ಮಾತಾದ ಹಾಗೆ ನಾನು ಒಲೆಯಿಂದ ದೂರ, ಕಂಬದ ಹತ್ತಿರ ಕೂತು ಕಾಯಿ ಸೀಳಿದೆ. ಗಂಗಾ ಕರಿದಳು. ಒಂದು ಮಗ್ಗುಲ ಹಿಟ್ಟನ್ನು ಅಂಚಿಗೆ ಒರೆಸುವುದನ್ನು ಮರೆಯುತ್ತಾಳೆ, ಕೂತಲ್ಲಿಂದಲೇ ಬೈದೆ. ಬೈದಷ್ಟೂ ತಲೆಯಾಡಿಸಿದಳು, ಒರೆಸಲಿಲ್ಲ. ಮೂರು ಗಂಟೆಯ ಬಸ್ಸುಗಳು ಒಟ್ಟಿಗೆ ಬಂದು ನಿಂತವು. ಹೊಸದುರ್ಗದ ಬಸ್ಸಿನ ಡ್ರೈವರು ಕಿಟಕಿಯಿಂದಲೇ, "ಅಜ್ಜಿ ಬಂದ್ಳು! ಎರಡು ಪ್ಲೇಟು ಬೇಗ ಕೊಡ್ರಿ, ಟೈಮಾತು!" ಅಂತ ಕೂಗಿದ. ಜನ ಸುತ್ತಿಕೊಂಡರು. ಅದೇ ಹೊತ್ತಿಗೆ ದುರ್ಗೇಶ ಬೆಂಚನ್ನು ಮೆಲ್ಲಗೆ ಇತ್ತ ತಳ್ಳಿದ. ಗಂಗಾ ಜಾಲರಿ ಸೌಟನ್ನು ಅಲ್ಲೇ ಬಿಟ್ಟು, ಸೊಂಟಕ್ಕೆ ಸೆರಗು ಸಿಕ್ಕಿಸಿ ಅವನ ಮೇಲೆ ಹೋದಳು.

ಬಾಣಲೆಯ ತುಂಬ ಮೆಣಸಿನಕಾಯಿ. ಕೆಂಪಾದವು, ಕಂದಿದವು. "ಗಂಗಾ! ಲೇ ಗಂಗಾ!" ಅಂದೆ. ಅವಳಿಗೆ ಬೆಂಚಿನ ಜಗಳ. ಡ್ರೈವರು ಹಾರನ್ ಹೊಡೆದ. ಸೀದ ಮೆಣಸಿನಕಾಯಿ ಕೊಟ್ಟು ನನ್ನ ಹೆಸರು ಕೆಡಿಸಲು ನಾನು ಇಷ್ಟು ವರ್ಷ ಅಂಗಡಿ ಇಟ್ಟಿದ್ದೆನೇ? ಎದ್ದು ಹೋಗಿ ಸೌಟು ಹಾಕಿ ಎತ್ತಿದೆ. ಡ್ರೈವರನಿಗೆ ಕೊಟ್ಟೆ. ಬೇರೆಯವರು ಕೈ ಚಾಚಿ ನಿಂತಿದ್ದರು. ಇನ್ನೊಂದು ಬಾಣಲೆಯಷ್ಟು ಕಾಯಿ ಎಣ್ಣೆಗೆ ಬಿಟ್ಟೆ, ಅದು ಮುಗಿದ ಮೇಲೆ ಇನ್ನೊಂದು. ಬಸ್ಸುಗಳು ಹೊರಟು ಹೋಗುವ ತನಕ ತಲೆ ಎತ್ತಲು ಆಗಲಿಲ್ಲ.

ಎತ್ತಿ ನೋಡಿದರೆ ಗಂಗಾ ಯಾವಾಗಲೋ ಜಗಳ ಮುಗಿಸಿ ಬಂದು, ಕಂಬಕ್ಕೆ ಒರಗಿ ನನ್ನನ್ನೇ ನೋಡುತ್ತಿದ್ದಾಳೆ. ಹಲ್ಲು ಕಾಣುತ್ತಿತ್ತು.

"ಏನೇ ಕಿಸೀತಿ? ಬಾಣಲೆ ಬಿಟ್ಟು ಜಗಳಕ್ಕೆ ಹೋಗೋಳು ಅಂಗಡಿ ನಡೆಸ್ತಾಳಂತೆ!"

"ತಪ್ಪಾತ್ರಿ ಅತ್ತೆ."

"ಜಾಗ ಏನಾತು?"

"ಅವನ ಬೆಂಚಿನ ಮ್ಯಾಲೆ ಈಗ ನಮ್ಮ ಗಿರಾಕಿ ಕುಂತವ್ರೆ ನೋಡ್ರಿ. ಅವ್ರು ತಿಂತಾರೆ, ಖಾರಕ್ಕೆ ಅವನ ಹತ್ರ ಕಬ್ಬಿನ ಹಾಲು ಕುಡೀತಾರೆ. ಹಂಗಂತ ಒಪ್ಪಿಸಿ ಬಂದೆ."

"ನಿಂತು ನೋಡಿದ್ದು ಸಾಕು, ಈರುಳ್ಳಿ ಹೆಚ್ಚು" ಅಂದೆ.

ಇವಳನ್ನು ನಂಬಿ ಬಾಣಲೆ ಬಿಡುವ ಹಾಗಿಲ್ಲ. ನಾಳೆಯಿಂದ ನಾನೇ ಕೂರಬೇಕು. ಬೇರೆ ದಾರಿ ಇಲ್ಲ. ಇನ್ನೂ ಬರೆಯುತ್ತಿದ್ದೆ, ಆದರೆ ಬೆರಳ ಸಂದಿಯಲ್ಲಿ ಒಣಗಿದ ಕಡಲೆಹಿಟ್ಟು ಉದುರಿ ಪುಸ್ತಕದ ತುಂಬ ಬೀಳುತ್ತಿದೆ.